ವನಸ್ಪತಿ ಇಲ್ಲ ಎಂಬ ಚೀಟಿ

ಆ ಬೇಕರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಚೀಟಿ ಅಕ್ಕ. ಬ್ರೆಡ್ಡು ಒಲೆಯಿಂದ ಬಂದು, ಆರಿ, ಯಂತ್ರದ ಬ್ಲೇಡುಗಳಿಗೆ ಮೈಕೊಟ್ಟು ಹೋಳಾಗಿ, ಪ್ಲಾಸ್ಟಿಕ್ ಚೀಲ ಸೇರಿದ ಮೇಲೆ ಅದರ ಹೊಟ್ಟೆಯ ಮೇಲೆ ಚೀಟಿ ಅಂಟಿಸುವುದು ಅವಳ ಕೆಲಸ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಅವಳ ಮುಂದೆ ಹಾಗೆನ್ನದಿರುವುದು ಒಳ್ಳೆಯದು. ಅವಳ ಲೆಕ್ಕದಲ್ಲಿ ಚೀಟಿಯಿಲ್ಲದ ಬ್ರೆಡ್ಡು ಅಂಗಿ ತೊಡದೆ ಬೀದಿಗೆ ಬಂದ ಗಂಡಸಿದ್ದ ಹಾಗೆ. ಚೀಟಿ ಒಂದಿಷ್ಟು ವಾಲಿದರೂ ಅವಳ ಕುತ್ತಿಗೆ ತಾನಾಗಿ ಅತ್ತ ವಾಲುತ್ತಿತ್ತು. ಕಿತ್ತು ನೆಟ್ಟಗೆ ಅಂಟಿಸಿದ ಮೇಲೆಯೇ ಕುತ್ತಿಗೆ ಸ್ವಸ್ಥಾನಕ್ಕೆ ಬರುತ್ತಿತ್ತು.

ಚೀಟಿಯ ಮೇಲೊಂದು ಹಳದಿ ಹೂವು. ಅದರ ಕೆಳಗೆ, "ಸೂರ್ಯಕಾಂತಿ ಎಣ್ಣೆಯಿಂದ ಮಾಡಿದ್ದು. ವನಸ್ಪತಿ ಇಲ್ಲ." ಅಂಟಿಸಿ ಅಂಟಿಸಿ ಅವಳಿಗದು ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದನ್ನು ನಿಜವೋ ಸುಳ್ಳೋ ಎಂದು ವಿಚಾರಿಸುವ ಅಭ್ಯಾಸ ನಮಗಾದರೂ ಎಲ್ಲಿದೆ?

ಹಿಟ್ಟು ನಾದುವ ಕೋಣೆಗೂ ಚೀಟಿ ಅಂಟಿಸುವ ಕೋಣೆಗೂ ನಡುವೆ ಒಂದು ಬಾಗಿಲು. ಆ ಕಡೆಯವರು ಈ ಕಡೆ ಬರುವಂತಿಲ್ಲ, ಈ ಕಡೆಯವರು ಆ ಕಡೆ ಹೋಗುವಂತಿಲ್ಲ, ಶುಚಿತ್ವದ ನಿಯಮ. ಮೂಲೆ ಮುರಿದ, ಬೆನ್ನು ಬಾಗಿದ ಬ್ರೆಡ್ಡುಗಳನ್ನು ಮಾತ್ರ ಎರಡೂ ಕಡೆಯವರು ಸಂಜೆ ಹಂಚಿಕೊಂಡು ಮನೆಗೆ ಒಯ್ಯಬಹುದಿತ್ತು. ಉಳಿದವರು ಅದನ್ನು ಹಾಗೇ ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಚೀಟಿ ಅಕ್ಕನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಗೂನುಬೆನ್ನಿನ ಬ್ರೆಡ್ಡಿಗೂ ಚೀಲ ತೊಡಿಸಿ, ನೆಟ್ಟಗೆ ಒಂದು ಚೀಟಿ ಅಂಟಿಸಿಯೇ ಕೈಚೀಲಕ್ಕೆ ಹಾಕುತ್ತಿದ್ದಳು.

ಮನೆಯಲ್ಲಿ ಅದನ್ನು ತಿನ್ನಲು ದರ್ಜಿ ಕಾದಿರುತ್ತಿದ್ದ. ದರ್ಜಿ ಅವಳ ಗಂಡ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಊರಿನವರ ಸೊಂಟವನ್ನೆಲ್ಲ ಅಳೆದವನು ತನ್ನ ಸೊಂಟಕ್ಕೆ ಟೇಪು ಸುತ್ತಿದವನಲ್ಲ. ಕರಿದದ್ದು ಏನು ಕಂಡರೂ ಅವನಿಗೆ ನೆಂಟರು ಬಂದಷ್ಟು ಸಂತೋಷ. ಕಳೆದ ಬೇಸಿಗೆಯಲ್ಲಿ ಕೋಟಿಗೆ ಗುಂಡಿ ಹಾಕುತ್ತಿದ್ದವನು ಹಾಗೇ ಕುಸಿದ. ಆಸ್ಪತ್ರೆಯವರು ಎದೆಯ ರಕ್ತನಾಳದಲ್ಲಿ ಒಂದು ಸಣ್ಣ ಬಲೆ ಕೂಡಿಸಿ ಕಳಿಸಿದರು. ಕಳಿಸುವಾಗ ಡಾಕ್ಟರಮ್ಮ ಅವನ ಕಡೆ ನೋಡದೆ ಇವಳಿಗೇ ಹೇಳಿದರು:

"ಎಣ್ಣೆ ಒಂದು ಚಮಚ ಆದ್ರೆ ಪರವಾಗಿಲ್ಲ. ಗಟ್ಟಿ ಜಿಡ್ಡು, ವನಸ್ಪತಿ ಮಾತ್ರ ಮನೆ ಹೊಸಲು ದಾಟಬಾರದು. ಇನ್ನೊಂದು ಸಲ ಆದ್ರೆ ನಮ್ಮ ಕೈಯಲ್ಲಿರಲ್ಲಮ್ಮ."

ಅಂದಿನಿಂದ ಮನೆಯಲ್ಲಿ ಬಾಣಲೆ ಮಗುಚಿ ಮಲಗಿತು. ದರ್ಜಿಗೆ ಬೆಳಗ್ಗೆ ಬ್ರೆಡ್ಡು, ಸಂಜೆ ಬ್ರೆಡ್ಡು.

"ಲೇ, ನಾನೇನು ಬಾತುಕೋಳಿಯೇನೆ, ಬ್ರೆಡ್ಡು ಹಾಕಿ ಸಾಕ್ತಾ ಇದ್ದೀಯ?"

"ಸುಮ್ನೆ ತಿನ್ರೀ. ಬೇರೆ ಯಾವುದಕ್ಕೂ ನಾನು ಜವಾಬ್ದಾರಿ ಅಲ್ಲ. ಇದಕ್ಕೆ ಮಾತ್ರ ನಾನು ಗ್ಯಾರಂಟಿ."

ಅವನು ಚೀಟಿಯನ್ನು ನ್ಯಾಯಾಧೀಶನಂತೆ ಕನ್ನಡಕ ಏರಿಸಿ ಓದಿ, "ಸಹಿ ಇಲ್ವಲ್ಲ" ಎಂದು ತಮಾಷೆ ಮಾಡಿ ತಿನ್ನುತ್ತಿದ್ದ. ಬರಬರುತ್ತ ಅವನಿಗದು ರುಚಿಸಿತು. ಅವನ ಗಿರಾಕಿಗಳಿಗೂ ಗ್ಯಾರಂಟಿ ಹಬ್ಬಿ, ಪಕ್ಕದ ದಿನಸಿ ಅಂಗಡಿಯಲ್ಲಿ ಹಳದಿ ಹೂವಿನ ಬ್ರೆಡ್ಡು ಮಧ್ಯಾಹ್ನದೊಳಗೆ ಖಾಲಿಯಾಗತೊಡಗಿತು. ನಡುವೆ ಒಂದು ದಿನ ಅವನು, "ಎದೆ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತು ಹೋದ ಹಾಗಿದೆ ಕಣೇ" ಎಂದ. ಹೊಟ್ಟೆಯ ವಾಯು ಇರಬೇಕೆಂದು ಅವಳು ರಾತ್ರಿಯೂಟ ಬಿಡಿಸಿ ಬ್ರೆಡ್ಡನ್ನೇ ಕೊಟ್ಟಳು.

ಚಳಿ ಬಿತ್ತು. ಬ್ಲೇಡು ಒರೆಸುವವಳು ರಜೆ ಹಾಕಿದ್ದರಿಂದ ಅಂದು ಆ ಕೆಲಸವೂ ಚೀಟಿ ಅಕ್ಕನ ಪಾಲಿಗೆ ಬಂತು. ಬ್ಲೇಡುಗಳ ಮೇಲೆ ಬೆಳ್ಳಗೆ ಏನೋ ಮೆತ್ತಿತ್ತು. ಬಟ್ಟೆಯಲ್ಲಿ ಉಜ್ಜಿದರೆ ಹೋಗಲಿಲ್ಲ. ಉಗುರಲ್ಲಿ ಕೆರೆದರೆ ಮೇಣದ ಹಾಗೆ ಸುರುಳಿಯಾಗಿ ಎದ್ದು ಬಂತು. ಸೂರ್ಯಕಾಂತಿ ಎಣ್ಣೆ ಇಂಥ ಚಳಿಗೆಲ್ಲ ಹೆಪ್ಪುಗಟ್ಟಿದ್ದನ್ನು ಅವಳು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಅವಳು ಆ ಬಿಳಿ ಸುರುಳಿಯನ್ನು ಹಸ್ತದ ಮೇಲಿಟ್ಟುಕೊಂಡು ಕಾದಳು. ಕರಗಲಿಲ್ಲ. ಕರಗಿದ್ದು ಅವಳ ಎದೆಯೊಳಗಿನ ಧೈರ್ಯ.

ಹಿತ್ತಲ ನಲ್ಲಿಯಲ್ಲಿ ಹಿಟ್ಟು ಮಾವ ಕೈ ತೊಳೆಯುತ್ತಿದ್ದ. ಹಿಟ್ಟು ನಾದುತ್ತಲೇ ಹಲ್ಲು ಕಳೆದುಕೊಂಡ ಮುದುಕ.

"ಮಾವ, ಹಿಟ್ಟಿಗೆ ಏನು ಹಾಕ್ತೀರಿ?"

"ವನಸ್ಪತಿ, ಇನ್ನೇನು? ಎಣ್ಣೆ ಡಬ್ಬ ನೋಡಿ ವರ್ಷದ ಮೇಲಾಯ್ತು. ಇದಾದ್ರೆ ಬ್ರೆಡ್ಡು ವಾರಗಟ್ಟಲೆ ಮೆತ್ತಗಿರತ್ತಂತೆ, ಯಜಮಾನ್ರು ಹೇಳಿದ್ರು."

"ನನಗೆ ಯಾಕೆ ಹೇಳಲಿಲ್ಲ ಮಾವ!"

"ಏನವ್ವ ನೀನು! ಚೀಟಿ ಅಂಟಿಸೋಳು ನೀನು. ನನಗೆ ಅಕ್ಷರ ಬರಲ್ಲ. ನಾವು ಹಾಕಿದ್ದೇ ಅದರಲ್ಲಿ ಬರೆದಿರತ್ತೆ ಅಂದ್ಕೊಂಡಿದ್ದೆ."

ಬಾಗಿಲ ಆ ಕಡೆ ಚೀಟಿಯನ್ನು ನಂಬಿದವನು, ಈ ಕಡೆ ಹಿಟ್ಟನ್ನು ನಂಬಿದವಳು. ಎರಡನ್ನೂ ಬಲ್ಲವರು ಒಬ್ಬರೇ. ಅವಳು ನೇರವಾಗಿ ಯಜಮಾನರ ಕೋಣೆಗೆ ಹೋದಳು.

ಯಜಮಾನರು ಎಂದೂ ಗದರಿದವರಲ್ಲ. ಬೆಲ್ಲದ ನೀರಲ್ಲಿ ಅದ್ದಿ ತೆಗೆದಂಥ ಮಾತು. "ಕೂತ್ಕೋ ಅಕ್ಕ" ಎಂದರು. "ನೀನು ಹೇಳೋದು ಸರಿ. ಹಳೇ ಚೀಟಿ ಒಂದಿಷ್ಟು ಉಳಿದಿದೆಯಲ್ಲ, ಮುಗೀಲಿ. ಆಮೇಲೆ ಹೊಸದು ಬರೆಸೋಣ."

ಅವರು ಹಾಗೆನ್ನುತ್ತಿರುವಾಗಲೇ ಮುದ್ರಣದ ಮನೆಯವನು ಬಂದು ಹೊಸ ಕಟ್ಟುಗಳನ್ನು ಮೇಜಿನ ಪಕ್ಕ ಪೇರಿಸಿದ. ಮೇಲಿನ ಹಾಳೆಯಲ್ಲಿ ಹಳದಿ ಹೂವು ನಗುತ್ತಿತ್ತು. ಅಕ್ಷರ ಅದೇ. ಶಾಯಿಯ ವಾಸನೆ ಇನ್ನೂ ಹಸಿ.

ಯಜಮಾನರಿಗೆ ನಾಚಿಕೆಯೇನೂ ಆಗಲಿಲ್ಲ. "ಜನ ಹೂವು ನೋಡಿ ತಗೋತಾರೆ ಅಕ್ಕ. ಓದೋರು ಯಾರು?"

"ನಮ್ಮನೆಯವರು ಓದ್ತಾರೆ. ಓದೇ ತಿಂತಾರೆ. ಅವರದು ಹೃದಯದ ಕಾಯಿಲೆ."

"ಅಯ್ಯೋ, ಹಾಗಾದ್ರೆ ಅವರಿಗೆ ಕೊಡಬೇಡ" ಎಂದರು ಯಜಮಾನರು, ಮನೆಯ ಹಿರಿಯರು ಬುದ್ಧಿ ಹೇಳುವಷ್ಟು ಅಕ್ಕರೆಯಿಂದ. "ನಮ್ಮನೇಲಿ ನಾವೂ ತಿನ್ನಲ್ಲ."

ಅವಳು ಏಪ್ರನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು ಹೊರಟಳು. ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಹಳದಿ ಹೂವುಗಳು ಸಾಲಾಗಿ ನೇತಾಡುತ್ತಿದ್ದವು. ಒಂದು ಚೀಟಿಯೂ ಸೊಟ್ಟಗಿರಲಿಲ್ಲ.

ದರ್ಜಿ ಅಂಗಡಿಯಲ್ಲೇ ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ. "ಏನೇ, ಇಷ್ಟು ಬೇಗ? ಕೆಲಸದಿಂದ ತೆಗೆದ್ರಾ?"

"ಕೆಳಗಿಡಿ ಅದನ್ನ. ಅದು ಪೂರ್ತಿ ವನಸ್ಪತಿ."

ದರ್ಜಿ ನಕ್ಕ. ಪಕ್ಕದ ದಿನಸಿಯವನನ್ನು ಕೂಗಿದ. "ಕೇಳಿದ್ಯೇನಪ್ಪಾ, ಗ್ಯಾರಂಟಿ ವಾಪಸ್ಸಂತೆ!"

ದಿನಸಿಯವನು ಕಟ್ಟೆಯಿಂದಲೇ ಒಂದು ಬ್ರೆಡ್ಡು ಎತ್ತಿ ತೋರಿಸಿದ. "ಇಲ್ಲೇ ಬರೆದಿದೆಯಲ್ಲ ಅಕ್ಕ. ನೀವೇ ಅಂಟಿಸಿದ್ದು."

"ನಾನು ಅಂಟಿಸಿದ್ದೇ ಸುಳ್ಳು!"

"ಅಚ್ಚಾಗಿದ್ದು ಸುಳ್ಳಾಗತ್ತೇನೇ, ಹುಚ್ಚಿ" ಎಂದ ದರ್ಜಿ. ಆದರೆ ಅವಳ ಮುಖ ನೋಡಿ ತುತ್ತನ್ನು ಬಾಯಿಗಿಡದೆ ತಟ್ಟೆಗೆ ಹಾಕಿದ. ಮಾತಿಗಲ್ಲ, ಮುಖಕ್ಕೆ ಹೆದರಿ. ಆಗಲೇ ಅವಳಿಗೆ ಕಂಡಿದ್ದು: ಈ ಚಳಿಯಲ್ಲಿ ಅವನ ಹಣೆಯಿಂದ ಬೆವರು ಇಳಿದು ಹುಬ್ಬು ದಾಟಿತ್ತು. ಎಡಗೈ ತೊಡೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

"ರೀ?"

"ಏನಿಲ್ಲ ಕಣೇ... ಬೆಳಗಿಂದ ಸ್ವಲ್ಪ..." ಎಂದವನು ಅವಳ ಹೆಗಲ ಮೇಲೆ ಒರಗಿದ. ಹೊಲಿಗೆ ಯಂತ್ರದ ಮೇಲಿನ ಅರ್ಧ ತೋಳಿನ ಅಂಗಿ ಜಾರಿ ನೆಲಕ್ಕೆ ಬಿತ್ತು.

ದಿನಸಿಯವನು ಅಂಗಡಿಯನ್ನು ಹೆಂಡತಿಯ ಕೈಗೆ ಬಿಟ್ಟು ಗಾಡಿ ತರಲು ಓಡಿದ. ಚೀಟಿ ಅಕ್ಕ ಗಂಡನ ಭಾರವನ್ನು ಎದೆಗೆ ಆನಿಸಿಕೊಂಡು ಬೀದಿ ನೋಡುತ್ತ ಕೂತಳು. ಅವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು, ಒಮ್ಮೆ ತಾಗಿ ಇನ್ನೊಮ್ಮೆಗೆ ತಡವಾಗುತ್ತಿತ್ತು.

ಅಷ್ಟರಲ್ಲಿ ದಿನಸಿ ಅಂಗಡಿಗೆ ಗಿರಾಕಿಯೊಬ್ಬಳು ಬಂದಳು. "ನಮ್ಮ ಮಾವನವರಿಗೆ ಹುಷಾರಿಲ್ಲ. ಹೂವಿನ ಬ್ರೆಡ್ಡೇ ಕೊಡಿ, ಎರಡು."

"ತಗೋಬೇಡಿ!" ಚೀಟಿ ಅಕ್ಕ ಕೂತಲ್ಲಿಂದಲೇ ಕೂಗಿದಳು. ಏಳುವಂತಿರಲಿಲ್ಲ. "ತಾಯೀ, ಅದರಲ್ಲಿ ಇರೋದು ವನಸ್ಪತಿ! ಕೊಡಬೇಡಿ ಅವರಿಗೆ!"

ಗಿರಾಕಿ ಬೆಚ್ಚಿ ತಿರುಗಿದಳು. ಒರಗಿದ ಗಂಡಸನ್ನೂ ಕೆದರಿದ ಕೂದಲಿನ ಹೆಂಗಸನ್ನೂ ನೋಡಿದಳು. ಆಮೇಲೆ, ತಿಳಿವಳಿಕೆಯುಳ್ಳವಳಾದ್ದರಿಂದ, ಬ್ರೆಡ್ಡನ್ನು ಹೊರಳಿಸಿ ಚೀಟಿಯನ್ನು ತುಟಿಯಾಡಿಸುತ್ತ ಪೂರ್ತಿ ಓದಿದಳು.

"ಪಾಪ, ಗಂಡನ ಸ್ಥಿತಿ ನೋಡಿ ತಲೆ ನಿಂತಿಲ್ಲ" ಎಂದು ಮೆಲ್ಲಗೆ ಹೇಳಿ, ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಮಾವನವರು ಹಸಿದಿರುತ್ತಾರೆಂದು ಬೇಗಬೇಗ ನಡೆದಳು.