ಒಂದು ಹಿಡಿ ಬಿಲ್ಲೆ

ವೆರಿಬೀ ಊರಿನ ಒಂದು ಕ್ಲಬ್ಬಿಗೆ ಭಾನುವಾರ ಮಧ್ಯಾಹ್ನ ಪೋಕರ್ ಆಡಲು ಬರುವವರಲ್ಲಿ ಸೀರೆ ಉಟ್ಟವಳು ಮಾಧುರಿ ಒಬ್ಬಳೇ. ಧಾರವಾಡದ ಹೆಂಗಸು, ಅರವತ್ತರ ಆಸುಪಾಸು. ದುಡ್ಡಿನ ಆಟವಲ್ಲ, ಪುಕ್ಕಟೆ. ದುಡ್ಡಿನ ಬದಲು ಎಲ್ಲರಿಗೂ ಸಮನಾಗಿ ಬಿಲ್ಲೆ ಕೊಡುತ್ತಾರೆ, ಬಿಲ್ಲೆ ಮುಗಿದವರು ಆಟದಿಂದ ಹೊರಗೆ. ಆದರೆ ಈ ಸಲ ಗೆದ್ದವರಿಗೆ ಸಿಡ್ನಿಯ ಫೈನಲ್‌ನಲ್ಲಿ ಆಡಲು ಒಂದು ಕುರ್ಚಿ ಇತ್ತು. ಗಂಡ ವಿರುಪಾಕ್ಷ ಅಂಥದೊಂದು ಕುರ್ಚಿಗಾಗಿ ವರ್ಷಗಟ್ಟಲೆ ಆಡಿ, ಅದು ಸಿಗುವ ಮೊದಲೇ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಬದಲಿಗೆ ತಾನು ಅದರಲ್ಲಿ ಕೂರಬೇಕು ಎನ್ನುವುದೊಂದನ್ನು ಬಿಟ್ಟರೆ ಮಾಧುರಿಗೆ ಈಗ ಬೇಕೆನಿಸುವುದು ಏನೂ ಉಳಿದಿರಲಿಲ್ಲ.

ಗಂಡ ಸತ್ತಾಗ ಆಕೆ ಅಳಲಿಲ್ಲ. ಆಮೇಲೂ ಅಳಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಮಗಳು ಆದ್ಯಾ ಎಪ್ಪಿಂಗ್‌ನ ತನ್ನ ಮನೆಯಿಂದ ಫೋನ್ ಮಾಡಿ ಡಾಕ್ಟರ್ ಹತ್ತಿರ ಹೋಗು ಅಂದರೆ ಹೂಂ ಅನ್ನುತ್ತಿದ್ದಳು, ಹೋಗುತ್ತಿರಲಿಲ್ಲ. ಇಸ್ಪೀಟಿನ ಮೇಜಿನ ಮುಂದೆ ಮಾತ್ರ ಈ ಮರಗಟ್ಟಿದ ಮುಖ ಉಪಯೋಗಕ್ಕೆ ಬಂತು. ಕೈಗೆ ರಾಜ ಬಂದರೂ ಅಷ್ಟೇ, ರದ್ದಿ ಎಲೆ ಬಂದರೂ ಅಷ್ಟೇ. ಆಂಟಿಯ ಮುಖ ಓದುವುದು ಯಾರಿಂದಲೂ ಆಗಲಿಲ್ಲ.

ಆಟ ಟರ್ಬೋ. ಸರದಿ ಬಂದಾಗ ಕಡ್ಡಾಯವಾಗಿ ಇಡಬೇಕಾದ ಪಣ ಕೆಲವೇ ನಿಮಿಷಕ್ಕೊಮ್ಮೆ ಏರುತ್ತದೆ. ಒಳ್ಳೆಯ ಎಲೆ ಬರಲಿ ಎಂದು ಕಾದವರ ಬಿಲ್ಲೆ ಕಾಯುವುದರಲ್ಲೇ ಕರಗುತ್ತದೆ. ತಾಳಿದವನು ಬಾಳಿಯಾನು ಎಂದ ಹಿರಿಯರು ಟರ್ಬೋ ಆಡಿದವರಲ್ಲ ಬಿಡಿ. ಬಿಲ್ಲೆ ಕಡಿಮೆಯಾದಾಗ ಎರಡೇ ದಾರಿ: ಎಲೆ ಎಸೆ, ಇಲ್ಲವೇ ಇರುವುದನ್ನೆಲ್ಲ ಒಮ್ಮೆಗೇ ಮುಂದೆ ತಳ್ಳು. ಎಲ್ಲ ತಳ್ಳಿದರೆ ಎದುರಿನವನು ಹೆದರಿ ಎಲೆ ಎಸೆದಾನು. ಅರೆಮನಸ್ಸಿನಿಂದ ಇಟ್ಟರೆ ಯಾವನೂ ಹೆದರುವುದಿಲ್ಲ. ವಿರುಪಾಕ್ಷ ಇದನ್ನು ಊಟದ ಮೇಜಿನ ಮೇಲೆ ಎಲೆ ಹರಡಿಕೊಂಡು ಹೆಂಡತಿಗೆ ಹೇಳಿ ಹೇಳಿ ಸೋತಿದ್ದ.

ಏಕೆಂದರೆ ಮಾಧುರಿ ಎಲ್ಲ ಇಡುತ್ತಿರಲಿಲ್ಲ. ಅಕ್ಕಿ ಡಬ್ಬಿಯ ತಳ ಕಾಣಿಸಬಾರದು, ಒಂದು ಹಿಡಿ ಉಳಿದಿರುವಾಗಲೇ ಹೊಸ ಅಕ್ಕಿ ಸುರಿಯಬೇಕು ಎನ್ನುವ ಮನೆಯಲ್ಲಿ ಬೆಳೆದವಳು. ಬಿಲ್ಲೆ ತಳ್ಳುವಾಗಲೂ ಕೈ ತಾನಾಗಿಯೇ ಒಂದು ಹಿಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ನೋಡಿದವರು, ಆಂಟಿಗೆ ಧೈರ್ಯ ಸಾಲದು ಎಂದುಕೊಂಡು ಸಲೀಸಾಗಿ ಎದುರು ಬೀಳುತ್ತಿದ್ದರು.

ಈ ಭಾನುವಾರ ಒಬ್ಬೊಬ್ಬರಾಗಿ ಸೋತು ಎದ್ದು, ಕೊನೆಗೆ ಇಬ್ಬರು ಉಳಿದರು: ಮಾಧುರಿ ಮತ್ತು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಗೌತಮ್. ಅವನ ಮುಂದೆ ಗುಡ್ಡೆ, ಈಕೆಯ ಮುಂದೆ ಅದರ ಅರ್ಧ. ಮಾಧುರಿಯ ಕೈಗೆ ಎರಡು ರಾಣಿ ಬಂದವು. ಹಿಂದಕ್ಕೆಳೆಯಲು ಹೋದ ಬೆರಳುಗಳನ್ನು ಆಕೆ ತಡೆದಳು. ಸತ್ತವನ ಮಾತನ್ನು ಒಮ್ಮೆಯಾದರೂ ನಡೆಸೋಣ ಅನ್ನಿಸಿತು. ಕೊನೆಯ ಬಿಲ್ಲೆಯವರೆಗೂ ಮುಂದೆ ತಳ್ಳಿದಳು.

ಗೌತಮ್ ಬಹಳ ಹೊತ್ತು ಯೋಚಿಸಿ, ತಾನೂ ಅಷ್ಟೇ ಇಟ್ಟು, ಎಲೆ ತೋರಿಸಿದ. ಒಂದು ಎಕ್ಕ, ಒಂದು ಒಂಬತ್ತು. ಇಬ್ಬರ ಲೆಕ್ಕಕ್ಕೂ ಸೇರುವಂತೆ ಮೇಜಿನ ಮೇಲೆ ಬಿಚ್ಚುವ ಐದು ಎಲೆಗಳಲ್ಲಿ ಮೊದಲ ನಾಲ್ಕರಿಂದ ಅವನಿಗೆ ಏನೂ ದಕ್ಕಲಿಲ್ಲ, ರಾಣಿಯರೇ ಮುಂದಿದ್ದರು. ಐದನೆಯದು, ಕೊನೆಯದು, ಎಕ್ಕ. ಅವನ ಜೋಡಿ ಎಕ್ಕದ ಮುಂದೆ ಜೋಡಿ ರಾಣಿ ಸೋತವು, ಬಿಲ್ಲೆಯೆಲ್ಲ ಅವನ ಗುಡ್ಡೆ ಸೇರಿತು.

ಗೌತಮ್ ಎದ್ದು ಬಂದು ಕೈ ಕುಲುಕಿದ.

"ಆಂಟಿ, ನೀವ್ ಆಡಿದ್ದು ಕರೆಕ್ಟಾಗೇ ಇತ್ತು. ನನ್ ಲಕ್ಕು, ಅಷ್ಟೇ."

ಮಾಧುರಿ ಹೂಂ ಅಂದು, ಚೀಲ ಎತ್ತಿಕೊಂಡು ಹೊರಬಿದ್ದಳು.

ಕಾರಿನಲ್ಲಿ ಕೂತ ಮೇಲೆ, ಎಂದಿನಂತೆ ಒಂದು ಹಿಡಿ ಉಳಿಸಿಕೊಂಡು ಆಡಿದ್ದರೆ ತಾನಿನ್ನೂ ಒಳಗೆ ಆಡುತ್ತಲೇ ಇರುತ್ತಿದ್ದೆ ಎಂಬುದು ಹೊಳೆಯಿತು. ಸಿಟ್ಟು ಎದ್ದು ಬಂತು. ಎಷ್ಟೋ ತಿಂಗಳಾಗಿತ್ತು ಏನಾದರೂ ಹಾಗೆ ಎದ್ದು ಬಂದು. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದಳು.

"ನಿಮ್ಮ ಮಾತು ಕೇಳಿ ಎಲ್ಲಾ ಇಟ್ಟೆ ನೋಡ್ರಿ. ಎಲ್ಲಾ ಹೋತು. ಈಗ ನಾ ಏನ್ ಮಾಡ್ಲಿ, ಹೇಳ್ರಿ?"

ಅವನು ಹೋದ ಮೇಲೆ ಆಕೆ ಅವನೊಂದಿಗೆ ಆಡಿದ ಮೊದಲ ಮಾತು ಅದು. ಉತ್ತರಕ್ಕೆ ಕಾದಳು. ಅದು ಇನ್ನೆಂದೂ ಬರುವುದಿಲ್ಲ ಎಂಬುದು ಆಗ ಆಕೆಗೆ ತಿಳಿಯಿತು, ಸ್ಟಿಯರಿಂಗ್ ಹಿಡಿದುಕೊಂಡು ಜೋರಾಗಿ ಅತ್ತಳು.