ನೋಡೋಣ ಅಂದರೆ ಇಲ್ಲ

ಯೂನಿಯನ್ ಸಿಟಿಯಲ್ಲಿ ರೈಲು ನಿಲ್ದಾಣದ ಪಕ್ಕದ ಹಳೇ ಅಪಾರ್ಟ್‌ಮೆಂಟುಗಳನ್ನು ಕೆಡವಿ ಆರು ಮಹಡಿ ಕಟ್ಟುವ ಯೋಜನೆಗೆ ಬಂಡವಾಳ ಹೊಂದಿಸುವ ಕೆಲಸ ನನ್ನದಾಗಿತ್ತು. ಕೆಲಸ ಎಂದರೆ ಹೆಚ್ಚಾಗಿ ಕಾಗದ. ಹಳೇ ಬಾಡಿಗೆದಾರರಲ್ಲಿ ಯಾರು ವಾಪಸು ಬರುತ್ತಾರೆ ಎಂಬ ಪಟ್ಟಿ ಕೊಡದೆ ಬ್ಯಾಂಕಿನವರು ಫೈಲು ಮುಟ್ಟುತ್ತಿರಲಿಲ್ಲ. ಫಾರಂನಲ್ಲಿ ಮೂರು ಚೌಕ: ಬರುತ್ತೇನೆ, ಬರುವುದಿಲ್ಲ, ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸದವರಿಗೂ ಮನೆ ಕಾದಿರಿಸುತ್ತಿದ್ದರು. ಬರುವುದಿಲ್ಲ ಎಂದವರ ಹಕ್ಕು ಅಲ್ಲಿಗೇ ಮುಗಿಯಿತು.

ನೆಲಮಹಡಿಯಲ್ಲಿ ಹಾಸನದ ಕಡೆಯ ಹೆಂಗಸೊಬ್ಬರು ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದರು. ಕನ್ನಡದವರೆಂದು ತಿಳಿದದ್ದೇ ತಡ, ನಾನೇ ಹೋಗುತ್ತೇನೆ, ದುಭಾಷಿ ಯಾಕೆ, ಅವರ ಮನಸ್ಸಿನಲ್ಲಿರುವುದೂ ನನಗೆ ಗೊತ್ತಾಗುತ್ತದೆ ಎಂದು ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡೆ.

ಆರೇಳು ಮಕ್ಕಳು ಮೊಸರನ್ನ ತಿನ್ನುತ್ತಿದ್ದವು. ಒಂದರ ಬಾಯಿ ಒರೆಸುತ್ತಲೇ ಆಕೆ ನಾನು ವಿವರಿಸಿದ್ದನ್ನೆಲ್ಲ ಕೇಳಿದರು.

"ಮತ್ತೆ ಇಲ್ಲಿಗೇ ಬರ್ತೀರಾ ಅಕ್ಕಾ?"

"ನೋಡೋಣ ಕಣಮ್ಮ," ಎಂದರು. "ಕಾಫಿ ಕುಡೀತೀಯಾ?"

ನೋಡೋಣ! ಗೃಹಪ್ರವೇಶಕ್ಕೆ ಕರೆದಾಗ, ಹುಡುಗ ಒಪ್ಪಿಗೆಯೇ ಎಂದು ವಿಚಾರಿಸಿದಾಗ, ನಮ್ಮ ಮನೆಯಲ್ಲಿ ಆ ಮಾತಿಗೆ ಇಲ್ಲವೆಂದೇ ಅರ್ಥ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಪಾಪ, ದಾಕ್ಷಿಣ್ಯ ಅಂದುಕೊಂಡೆ. ಪಕ್ಕದ ಊರು ಮಿಲ್ಪಿಟಾಸ್‌ನಲ್ಲಿ ಸ್ವಂತ ಮನೆ ನೋಡಿರಬೇಕು ಎಂದೂ ನಾನೇ ಊಹಿಸಿ, 'ಬರುವುದಿಲ್ಲ' ಚೌಕಕ್ಕೆ ಗುರುತು ಹಾಕಿದೆ. ನನ್ನನ್ನು ನಂಬಿ ಆಕೆ ಓದದೆಯೇ ಸೈನ್ ಹಾಕಿದರು. ಕಾಫಿ ಚೆನ್ನಾಗಿತ್ತು.

ಸಾಲ ಮಂಜೂರಾದ ಮೇಲೆ ಲೈಬ್ರರಿಯ ಹಾಲಿನಲ್ಲಿ ನಕ್ಷೆಗಳನ್ನು ತೂಗುಹಾಕಿ ಎಲ್ಲರನ್ನೂ ಕರೆದೆವು. ಆಕೆ ನೆಲಮಹಡಿಯ ನಕ್ಷೆಯ ಮುಂದೆ ಬಹಳ ಹೊತ್ತು ನಿಂತಿದ್ದರು.

"ಇದ್ರಲ್ಲಿ ನಮ್ಮನೆ ಯಾವ್ದಮ್ಮ? ಡೇಕೇರ್‌ಗೆ ಕೆಳಗಡೇನೇ ಆಗ್ಬೇಕು. ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಹೇಳ್ಬಿಟ್ಟಿದೀನಿ."

ಅವರ ಮನೆ ಇರಬೇಕಾಗಿದ್ದ ಜಾಗದಲ್ಲಿ ಸೈಕಲ್ ನಿಲ್ಲಿಸುವ ಕೋಣೆ ಇತ್ತು.

"ನೀವು ಬರಲ್ಲ ಅಂದ್ರಲ್ಲಾ ಅಕ್ಕಾ..."

"ನಾನೆಲ್ಲಿ ಹಂಗಂದೆ? ನೋಡೋಣ ಅಂದೆ. ನಮ್ಮನೆಯೋರನ್ನ ಒಂದ್ಮಾತು ಕೇಳ್ಬೇಕಿತ್ತಲ್ಲ. ತೀರ್ಮಾನ ಆಗ್ದಿದ್ರೂ ಮನೆ ಇಟ್ಟಿರ್ತಾರೆ ಅಂತ ನೀನೇ ಹೇಳಿದ್ಯಲ್ಲಮ್ಮ."

ಮರುದಿನ ಮ್ಯಾನೇಜರನಿಗೆ ಎಲ್ಲ ಒಪ್ಪಿಸಿದೆ. ಆಕೆ ಆಡಿದ ಮಾತನ್ನು ಇಂಗ್ಲಿಷಿನಲ್ಲಿ ಹೇಳು ಎಂದ. ಹೇಳಿದೆ. "ಹಾಗಾದರೆ ಇನ್ನೂ ತೀರ್ಮಾನಿಸಿಲ್ಲ ಎಂದಲ್ಲವೇ?" ಎಂದ. ಕನ್ನಡದ ಗಂಧಗಾಳಿ ಇಲ್ಲದವನಿಗೆ ಅದು ಒಂದು ಕ್ಷಣದಲ್ಲಿ ತಿಳಿಯಿತು.

ತಪ್ಪು ನನ್ನದೆಂದು ಬ್ಯಾಂಕಿಗೆ ಬರೆದೆ, ನಗರಸಭೆಯವರ ಕೈಕಾಲು ಹಿಡಿದೆ. ಪಟ್ಟಿ ಆಗಲೇ ಮುಚ್ಚಿತ್ತು. ಸಿಕ್ಕಿದ್ದು ಕಾಯುವವರ ಪಟ್ಟಿಗೆ ಸೇರುವ ಅರ್ಜಿ ಮಾತ್ರ, ಅದೂ ಮೇಲಿನ ಮಹಡಿಯ ಮನೆಗೆ. ಅದನ್ನು ಹಿಡಿದು ಅವರ ಬಾಗಿಲು ತಟ್ಟುವಾಗ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಬೈಯಲಿ ಎಂದು ಕಾದೆ. ಆಕೆ ಬೈಯಲಿಲ್ಲ, ಕೂತ್ಕೋ ಎಂದರು. ನಾನು ಕೂತು ಪೆನ್ನು ತೆಗೆದೆ.

ಆಕೆ ಅರ್ಜಿಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

"ಇರ್ಲಿ ಬಿಡಮ್ಮ. ಸಾಯಂಕಾಲ ನನ್ನ ಮಗಳು ಬರ್ತಾಳೆ. ಅವಳಿಗೆ ಕನ್ನಡ ಅಷ್ಟು ಬರಲ್ಲ. ಅವಳೇ ತುಂಬ್ತಾಳೆ."