ಬಜಾರಪ್ಪ ಮುಚ್ಚದ ಮೈಕು

ಆದೋನಿಯ ಹತ್ತಿ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ಕಲಿತ ಬಜಾರಪ್ಪ, ೧೯೫೪ರಲ್ಲಿ ಒಂದು ನಾಟಕ ಕಂಪನಿಗೆ ಮೈಕ್ ಆಪರೇಟರಾಗಿ ಸೇರಿದ. ಹಾಲಹರವಿ ಕಡೆಯವನು, ಮಾತು ಕಡಿಮೆ. ರಂಗದ ಪಕ್ಕದ ಪರದೆಯ ಮರೆಯಲ್ಲಿ, ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ಕೂತು ನೂರಾರು ಆಟ ನಡೆಸಿದ್ದರೂ ಒಂದನ್ನೂ ಎದುರಿನಿಂದ ನೋಡಿದವನಲ್ಲ. ಆಟದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಂತಿ ಕಡಿದರೆ? ವಾಲ್ವು ಸುಟ್ಟರೆ? ತುಂಬಿದ ಸಭೆಯಲ್ಲಿ ಧ್ವನಿವರ್ಧಕದ ಹಾರ್ನು ಕುಂಯ್ಯೆಂದು ಕಿರುಚಿದರೆ?

ಎರಡು ವರ್ಷದ ಮೇಲೆ, ಕಂಪನಿ ಆದೋನಿಯಲ್ಲಿ ಬಿಡಾರ ಹೂಡಿದ್ದಾಗ ಒಂದು ಭಾನುವಾರ, ಹೆಂಗಸರಿಗೆಂದೇ ಮಧ್ಯಾಹ್ನದ ಆಟವಿತ್ತು. ಚಿಪ್ಪಗಿರಿಯಿಂದಲೂ ಬಂಡಿ ಕಟ್ಟಿಕೊಂಡು ಬಂದಿದ್ದರು. ಅಷ್ಟರಲ್ಲಿ ರಾಣಿಯ ಪಾತ್ರದ ಅಂಬಮ್ಮನ ಗಂಟಲು ಕಟ್ಟಿತು. ಮಾತು ಹೇಗೋ ಹೊರಡುತ್ತಿತ್ತು, ಹಾಡು ಹೊರಡಲಿಲ್ಲ.

ಮಾಲೀಕ ಗುರುಪಾದಯ್ಯ ಬಜಾರಪ್ಪನನ್ನು ಕರೆದ. "ಗಂಗಕ್ಕನ್ನ ಪರದೆ ಹಿಂದ ನಿಲ್ಲಿಸ್ತೀನಿ. ಹಾಡು ಆಕಿದು, ತುಟಿ ಅಂಬಮ್ಮಂದು. ನೀ ಮೈಕು ನೋಡ್ಕೋ."

ಗಂಗಕ್ಕನಿಗೆ ಐವತ್ತು ದಾಟಿತ್ತು. ಒಂದು ಕಾಲಕ್ಕೆ ಅದೇ ರಾಣಿಯ ಪಾತ್ರ ಮಾಡಿದವಳು, ಈಗ ಕಂಪನಿಯ ಬಟ್ಟೆ ಹೊಲಿಯುತ್ತಿದ್ದಳು.

"ಎರಡೂ ಮೈಕು ಒಮ್ಮೆಲೇ ಏರಿಸಿದರ ಹಾರ್ನು ಕಿರುಚ್ತೈತ್ರಿ," ಎಂದ ಬಜಾರಪ್ಪ.

"ಅದಕ್ಕ ನೀ ಅದಿಯಲ್ಲಪ್ಪ. ಜನಕ್ಕ ಗೊತ್ತಾದರ ಮುಗೀತು ನಮ್ಮ ಕತಿ."

ಬಜಾರಪ್ಪ ಹಾರ್ಮೋನಿಯಂ ಮುಂದಿದ್ದ ಮೈಕನ್ನು ಬಿಚ್ಚಿ ಗಂಗಕ್ಕನ ಬಾಯಿ ಮುಂದೆ ಕಟ್ಟಿದ. ಅಂಬಮ್ಮ ಸೆರಗು ಮುಟ್ಟಿಕೊಂಡರೆ ಹಾಡು, ಬಿಟ್ಟರೆ ಮಾತು ಎಂದು ಗೊತ್ತು ಮಾಡಿಕೊಂಡರು. ರಂಗದ ಮೈಕಿನ ಗುಂಡಿ ಅವನ ಬಲಗೈಗೆ, ಗಂಗಕ್ಕನದು ಎಡಗೈಗೆ.

ಮೊದಲ ಹಾಡು ದಾಟಿತು. ಸಭೆಯಿಂದ ಚಪ್ಪಾಳೆ ಬಂತು. ಬಜಾರಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಅವನ ಹೆದರಿಕೆಯೆಲ್ಲ ಮುಂದೆ ಬರುವ ಜೋಗುಳದ ಮೇಲಿತ್ತು. ಅದರಲ್ಲಿ ಹಾಡಿನ ಒಂದೊಂದು ನುಡಿಯ ನಡುವೆ ರಾಣಿ ಸತ್ತ ಮಗುವಿನೊಂದಿಗೆ ಮಾತಾಡಬೇಕು.

ಎರಡನೆಯ ನುಡಿಗೆ ಅಂಬಮ್ಮ ಸೆರಗನ್ನು ಮರೆತಳು. ಅವಳ ತುಟಿ ಆಡಿತು, ಹಾರ್ನಿನಲ್ಲಿ ಏನೂ ಇಲ್ಲ. "ಮೈಕು ಹೋತು" ಎಂದು ಯಾರೋ ಕೂಗಿದರು. ಬಜಾರಪ್ಪ ಗಾಬರಿಯಲ್ಲಿ ಎರಡೂ ಗುಂಡಿ ತಿರುಗಿಸಿದ. ಹಾರ್ನು ಕಿರುಚಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಅವನು ಎರಡನ್ನೂ ಕೂದಲೆಳೆಯಷ್ಟು ಇಳಿಸಿದ. ಕಿರುಚು ನಿಂತಿತು.

ಆಗ ಕೇಳಿತು. ತುಟಿಯಾಡಿಸುತ್ತ ಆಡಿಸುತ್ತ ಅಂಬಮ್ಮ ನಿಜಕ್ಕೂ ಹಾಡತೊಡಗಿದ್ದಳು. ಒಡಕು ದನಿ, ಅರ್ಧ ಗಾಳಿ. ಅದರ ಕೆಳಗೆ ಗಂಗಕ್ಕನ ತುಂಬಿದ ದನಿ. ಬಲಗೈ ಗುಂಡಿಯನ್ನು ಮುಚ್ಚಬೇಕಾದ್ದು ಅವನ ಕೆಲಸ. ಎದುರುಗಡೆಯ ಪರದೆಯಿಂದ ಗುರುಪಾದಯ್ಯ ಕೈಸನ್ನೆ ಮಾಡುತ್ತಲೇ ಇದ್ದ: ಮುಚ್ಚು, ಮುಚ್ಚು. ಬಜಾರಪ್ಪ ಮುಚ್ಚಲಿಲ್ಲ. ಬೆರಳು ತುಸು ಜಾರಿದರೆ ಮತ್ತೆ ಕಿರುಚುತ್ತದೆಂದು ಹೆದರುತ್ತಲೇ, ಗಂಗಕ್ಕನ ದನಿ ಅಂಬಮ್ಮನದನ್ನು ನುಂಗದ ಹಾಗೆ, ಒಂದು ತಗ್ಗಿಸಿ ಒಂದು ಎತ್ತಿ ಜೋಗುಳ ಮುಗಿಯುವ ತನಕ ಹಿಡಿದ. ಮುಗಿದಾಗ ಚಪ್ಪಾಳೆ ಬರಲಿಲ್ಲ. ತಗಡಿನ ಥಿಯೇಟರಿನ ತುಂಬ ಮೂಗು ಸೀಟುವ ಸದ್ದು.

ಪರದೆ ಬಿದ್ದ ಕೂಡಲೇ ಗುರುಪಾದಯ್ಯ ಬಂದ. "ಕಣ್ಣು ಕಾಣಲಿಲ್ಲೇನೋ ನಿನಗ?"

"ಕಂಡವ್ರಿ. ಮುಚ್ಚಾಕ ಕೈ ಬರಲಿಲ್ಲ."

"ನಾಳೆಯಿಂದ ಬ್ಯಾರೆ ಕೆಲಸ ನೋಡ್ಕೋ!"

ಅಷ್ಟರಲ್ಲಿ ನಾಲ್ಕಾರು ಹೆಂಗಸರು ಹಿಂಬಾಗಿಲಿಗೆ ಬಂದರು. "ಎವರಮ್ಮಾ ಪಾಡಿಂದಿ?" ಎಂದು, ಹಾಡಿದವಳು ಯಾರೆಂದು ಒಬ್ಬಳು ತೆಲುಗಿನಲ್ಲಿ ಕೇಳಿದಳು. ಇನ್ನೊಬ್ಬಳು, "ಎರಡು ದನಿ ಇದ್ದವು. ಇನ್ನೊಬ್ಬಾಕಿ ಯಾರು?" ಎಂದಳು. ಗುರುಪಾದಯ್ಯನ ಮುಖ ಬಿಳಿಚಿತು. ಅಂಬಮ್ಮನೇ ಗಂಗಕ್ಕನ ಕೈ ಹಿಡಿದು ಮುಂದೆ ತಂದಳು. ಒಬ್ಬ ಮುದುಕಿ ಗಂಗಕ್ಕನನ್ನು ದಿಟ್ಟಿಸಿ, "ಅಯ್ಯೋ, ನೀನಾ! ನನ್ನ ಮದಿವಿ ಆದ ವರ್ಸ ನೀ ರಾಣಿ ಆಗಿದ್ದಿ," ಎಂದು ಅವಳ ಗಲ್ಲ ಸವರಿದಳು.

ಅದನ್ನು ಕಂಡ ಗುರುಪಾದಯ್ಯ ಕೆಲಸ ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ; ಬಜಾರಪ್ಪನ ಕೆಲಸ ಉಳಿಯಿತು. ವಾರದಲ್ಲಿ ಅಂಬಮ್ಮನ ಗಂಟಲು ಬಿಟ್ಟಿತು. ಆದರೂ ಜೋಗುಳಕ್ಕೆ ಗಂಗಕ್ಕ ಬೇಕೆಂದು ಅವಳು ಹಟ ಹಿಡಿದಳು. ಕಂಪನಿ ಆದೋನಿಯಲ್ಲಿದ್ದಷ್ಟು ದಿನವೂ ಆ ಜೋಗುಳಕ್ಕೆ ಎರಡು ಮೈಕು. ಬಜಾರಪ್ಪನಿಗೆ ಮಾತ್ರ ಅದು ಒಂದು ದಿನವೂ ಹಗುರಾಗಲಿಲ್ಲ. ಜೋಗುಳ ಹತ್ತಿರ ಬಂದಂತೆ ಅಂಗೈ ಬೆವರನ್ನು ಪಂಚೆಗೆ ಒರೆಸಿಕೊಂಡು, "ಈ ಒಂದು ಸಲ ಕಾಯಪ್ಪ" ಎಂದು ಪೆಟ್ಟಿಗೆಗೆ ಕೈಮುಗಿಯುತ್ತಿದ್ದ.